ನಿಮ್ಮ ಪೋಸ್ಟ್ ಅಳಿಸಿದ್ದು ಯಾರು, ಯಾಕೆ?

ಸಕಲೇಶಪುರ, ಆಲೂರು, ಮೂಡಿಗೆರೆ ಕಡೆ ಕಾಡಾನೆ ಯಾರನ್ನಾದರೂ ತುಳಿದರೆ ಸುದ್ದಿ ಫೇಸ್‌ಬುಕ್ಕಿನಲ್ಲಿ ಬೇಗ ಓಡುತ್ತದೆ. ಗಾಯಾಳುವಿನ ಫೋಟೋ ಹಾಕಿ ‘ಈ ದಾರಿಯಲ್ಲಿ ಬರಬೇಡಿ’ ಎಂದು ಬರೆದ ಪೋಸ್ಟ್ ಹಠಾತ್ತನೆ ಮಾಯವಾಗಬಹುದು. ಹೀಗೆ ತೆಗೆಯುವ ಅಧಿಕಾರ ಕಂಪನಿಗೆ ಇರಬೇಕೇ? ಇರಲೇಬೇಕು. ಆದರೆ ಕಾರಣ ಹೇಳದೆ ತೆಗೆಯುವ ಅಧಿಕಾರ ಇರಕೂಡದು.

ಈ ಕೆಲಸಕ್ಕೆ ಹಚ್ಚಿರುವ ಯಂತ್ರಗಳಲ್ಲಿ ಒಂದು ಬಗೆ, ಮೊದಲೇ ಗುರುತಿಸಿಟ್ಟ ಚಿತ್ರಗಳ ಪಟ್ಟಿಯ ಜೊತೆ ಹೊಸ ಚಿತ್ರವನ್ನು ತಾಳೆ ನೋಡುತ್ತದೆ. ಮೈಕ್ರೋಸಾಫ್ಟ್ ಮತ್ತು ವಿಜ್ಞಾನಿ ಹ್ಯಾನಿ ಫರೀದ್ 2009ರಲ್ಲಿ ರೂಪಿಸಿದ ಫೋಟೋಡಿಎನ್‌ಎ ಎಂಬ ತಂತ್ರಾಂಶ ಚಿತ್ರವನ್ನು ಕಪ್ಪು-ಬಿಳುಪಾಗಿಸಿ, ಒಂದೇ ಅಳತೆಗೆ ತಂದು, ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದ ಬೆಳಕಿನ ಏರಿಳಿತವನ್ನು ಸಂಖ್ಯೆಗಳಾಗಿ ಬರೆದಿಡುತ್ತದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರ ಒಮ್ಮೆ ಪಟ್ಟಿಗೆ ಸೇರಿದರೆ, ಅದನ್ನು ಹಿಗ್ಗಿಸಿ ಕುಗ್ಗಿಸಿ ಮತ್ತೆ ಹಾಕಿದರೂ ಸಿಕ್ಕಿಬೀಳುತ್ತದೆ. ಇದಕ್ಕೆ ಯಾರೂ ತಕರಾರು ತೆಗೆಯಬಾರದು.

ಇನ್ನೊಂದು ಬಗೆ ಊಹಿಸುತ್ತದೆ, ತೊಂದರೆಯೆಲ್ಲ ಅಲ್ಲೇ. ಪೋಸ್ಟ್ ನಿಯಮ ಮೀರಿರುವ ಸಾಧ್ಯತೆಗೆ ಯಂತ್ರ 0ಯಿಂದ 1ರೊಳಗೆ ಅಂಕ ಕೊಡುತ್ತದೆ. ಅಂಕ ಕಂಪನಿ ಹಾಕಿದ ಗೆರೆ ದಾಟಿದರೆ ಪೋಸ್ಟ್ ಹೋಯಿತು. ಒಂದು ಲೆಕ್ಕ ಹಾಕಿ ನೋಡೋಣ. 10 ಲಕ್ಷ ಪೋಸ್ಟ್‌ಗಳಲ್ಲಿ 1,000 ನಿಜಕ್ಕೂ ಕೆಟ್ಟವು, ಯಂತ್ರ ನೂರಕ್ಕೆ 99 ಸಲ ಸರಿ ಎಂದುಕೊಳ್ಳಿ. ಕೆಟ್ಟದ್ದರಲ್ಲಿ 990 ಸಿಗುತ್ತವೆ. ಒಳ್ಳೆಯ 9,99,000ದಲ್ಲಿ ಶೇ 1, ಅಂದರೆ 9,990 ಕೂಡ ಸಿಗುತ್ತವೆ! ಹಿಡಿದ 10,980ರಲ್ಲಿ ಶೇ 91 ನಿರಪರಾಧಿಗಳು. ಗೆರೆಯನ್ನು ಮೇಲಕ್ಕೇರಿಸಿದರೆ ಇವರು ಉಳಿಯುತ್ತಾರೆ, ಜೊತೆಗೆ ಕೆಟ್ಟದ್ದೂ ನುಸುಳುತ್ತದೆ.

ಕನ್ನಡದಲ್ಲಿ ಕಷ್ಟ ಇನ್ನೂ ಹೆಚ್ಚು. ಇಂಗ್ಲಿಷಿಗೆ ಹೋಲಿಸಿದರೆ ಯಂತ್ರಕ್ಕೆ ಕಲಿಸಲು ಸಿಗುವ ಕನ್ನಡ ಪಠ್ಯ ಕಡಿಮೆ. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವ ಕನ್ನಡಕ್ಕಂತೂ ಒಬ್ಬೊಬ್ಬರದು ಒಂದೊಂದು ಕಾಗುಣಿತ. ‘ಹಂದಿ ಕಾಟ ತಡೆಯಕ್ಕಾಗ್ತಿಲ್ಲ, ಏನಾದ್ರೂ ಮಾಡ್ಬೇಕು’ ಎಂಬ ತೋಟದವರ ಗೋಳನ್ನು ಬೆದರಿಕೆ ಎಂದು ಓದಿಕೊಂಡರೆ ಆಶ್ಚರ್ಯವಿಲ್ಲ. ಅದಕ್ಕೇ ಕನ್ನಡ ಬಲ್ಲ ಮನುಷ್ಯ ಮರುಪರಿಶೀಲನೆಗೆ ಕೂರಲೇಬೇಕು.

ಸರ್ಕಾರ ಐಟಿ ಕಾಯ್ದೆಯ 69ಎ ಕಲಮಿನಡಿ ತಡೆ ಹಾಕಿಸುವುದು ಬೇರೆ ವಿಚಾರ. ಕಂಪನಿ ತಾನಾಗಿ ತೆಗೆದಾಗ 2021ರ ಐಟಿ ನಿಯಮಗಳು ಅನ್ವಯಿಸುತ್ತವೆ. ಅವುಗಳ ಪ್ರಕಾರ ದೊಡ್ಡ ಕಂಪನಿಗಳು ಮೊದಲೇ ಕಾರಣ ತಿಳಿಸಬೇಕು, ಬಳಕೆದಾರರ ವಾದಕ್ಕೂ ಅವಕಾಶ ಕೊಡಬೇಕು. ನೋಟಿಸ್ ಬಂದ ತಕ್ಷಣ ಸ್ಕ್ರೀನ್‌ಶಾಟ್ ತೆಗೆದಿಡಿ. ಯಾವ ನಿಯಮ ಮುರಿದಿದ್ದೀರಿ ಎಂದು ಹೇಳಿದ್ದಾರೋ ಅದನ್ನು ಬರೆದುಕೊಳ್ಳಿ. ಆ್ಯಪ್‌ನಲ್ಲೇ ಮರುಪರಿಶೀಲನೆ ಕೇಳಿ. ಅಲ್ಲಿ ‘ಅನ್ಯಾಯ’ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಫೋಟೋ ಎಲ್ಲಿಯದು, ಯಾಕೆ ಹಾಕಿದಿರಿ ಎಂದು ಎರಡು ಸಾಲಿನಲ್ಲಿ ಹೇಳಿ. ಆಗದಿದ್ದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. 24 ಗಂಟೆಯೊಳಗೆ ಸ್ವೀಕೃತಿ ಬರಬೇಕು. ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕೇಂದ್ರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನಿನಲ್ಲೇ ಹೋಗಬಹುದು.

ಪೋಸ್ಟನ್ನು ಅಳಿಸದೆ, ಯಾರ ಕಣ್ಣಿಗೂ ಬೀಳದಂತೆ ಹಿಂದಕ್ಕೆ ತಳ್ಳಿದಾಗ ಮಾತ್ರ ಈ ದಾರಿ ಹಿಡಿಯುವುದು ಕಷ್ಟ. ಕಾರಣ ತಿಳಿಸಬೇಕೆಂಬ ನಿಯಮ ಹೇಳುವುದು ತೆಗೆಯುವುದರ, ತಡೆಯುವುದರ ಬಗ್ಗೆ ಅಷ್ಟೇ. ಆನೆಯ ಎಚ್ಚರಿಕೆ ಮೂರು ದಿನ ತಡವಾಗಿ ಕಂಡರೆ ಅಳಿಸಿದ್ದಕ್ಕೂ ಅದಕ್ಕೂ ವ್ಯತ್ಯಾಸವೇನು? ಹಿಂದಕ್ಕೆ ತಳ್ಳಿದಾಗಲೂ ನೋಟಿಸ್ ಕಡ್ಡಾಯವಾಗಬೇಕು.