ಮುಖವಿದೆ, ಹುಡುಕುವುದು ಹೇಗೆ?

1871ರ ಪ್ಯಾರಿಸ್ ಕಮ್ಯೂನಿನ ದಿನಗಳಲ್ಲಿ ಸರ್ಕಾರದ ವಿರುದ್ಧ ಬಂಡೆದ್ದು ನಗರವನ್ನೇ ಕೈವಶ ಮಾಡಿಕೊಂಡಿದ್ದ ಜನ, ತಾವು ಉರುಳಿಸಿದ ನೆಪೋಲಿಯನ್ನನ ವಿಜಯದ ಗುರುತಾದ ವೆಂಡೋಮ್ ಸ್ತಂಭದ ಪಕ್ಕ ಎದೆಯುಬ್ಬಿಸಿ ನಿಂತು ಫೋಟೊ ತೆಗೆಸಿಕೊಂಡಿದ್ದರು. ದಂಗೆ ಮುರಿದುಬಿದ್ದ ಮೇಲೆ ಅಂಥ ಫೋಟೊಗಳೇ ಅವರನ್ನು ಗುರುತು ಹಚ್ಚಲು ಪೊಲೀಸರಿಗೆ ಒದಗಿದವು. ವರ್ಸೇಲ್ಸ್‌ನ ಜೈಲುಗಳಲ್ಲಿ ಯುಜೀನ್ ಅಪೆರ್ ಎಂಬ ಛಾಯಾಗ್ರಾಹಕ ಕೈದಿಗಳನ್ನು ಒಬ್ಬೊಬ್ಬರಾಗಿ ಕೂರಿಸಿ ಚಿತ್ರ ತೆಗೆದ.

ಫೋಟೊಗಳೇನೋ ರಾಶಿ ಬಿದ್ದವು. ಆದರೆ ಸಿಕ್ಕಿಬಿದ್ದವನು ಸುಳ್ಳು ಹೆಸರು ಹೇಳಿದರೆ ಆ ರಾಶಿಯಲ್ಲಿ ಅವನ ಹಳೆಯ ಫೋಟೊ ಹುಡುಕುವುದು ಹೇಗೆ? 1879ರಲ್ಲಿ ಪ್ಯಾರಿಸ್ ಪೊಲೀಸ್ ಕಚೇರಿಗೆ ಗುಮಾಸ್ತನಾಗಿ ಸೇರಿದ ಅಲ್ಫಾನ್ಸ್ ಬರ್ಟಿಲಾನ್ ತಲೆಕೆಡಿಸಿಕೊಂಡದ್ದು ಇದಕ್ಕೇ. ತಲೆಯ ಉದ್ದಗಲ, ಎಡಗಾಲಿನ ಪಾದ, ಎಡಗೈಯ ನಡುಬೆರಳು ಎಂದು ಹನ್ನೊಂದು ಅಳತೆ ತೆಗೆದು, ಸಣ್ಣದು, ಮಧ್ಯಮ, ದೊಡ್ಡದು ಎಂದು ಕಾರ್ಡುಗಳನ್ನು ವಿಂಗಡಿಸಿಟ್ಟ. ಜೊತೆಗೆ ಎರಡು ಫೋಟೊ: ಒಂದು ಎದುರಿನಿಂದ, ಇನ್ನೊಂದು ಪಕ್ಕದಿಂದ. ಗಡ್ಡ ಬಿಟ್ಟರೂ ಬೋಳಿಸಿದರೂ ಕಿವಿ ಬದಲಾಗದಲ್ಲ! ನನ್ನ ಮಟ್ಟಿಗೆ ಅವನ ಜಾಣತನ ಕ್ಯಾಮೆರಾದಲ್ಲಿರಲಿಲ್ಲ, ಕಾರ್ಡಿನ ಡಬ್ಬಿಯಲ್ಲಿತ್ತು.

ಈ ಪದ್ಧತಿಗೆ ಹೆಸರು ತಂದುಕೊಟ್ಟವನು ಸರ್ಕಾರವೇ ಬೇಡವೆನ್ನುವ ಅರಾಜಕತಾವಾದಿ ರವಾಶೋಲ್. ತಮಾಷೆಯೆಂದರೆ ಅವನನ್ನು ಹಿಡಿಸಿದ್ದು ಹೋಟೆಲ್ ಮಾಣಿ. 1892ರ ಮಾರ್ಚ್ 27ರಂದು ಕ್ಲಿಶಿ ಬೀದಿಯಲ್ಲಿ ಬಾಂಬ್ ಸಿಡಿಸಿ ಊಟಕ್ಕೆ ಬಂದವನು ಮಾಣಿಯ ಜೊತೆ ಅದೇ ವಿಷಯ ಎತ್ತಿಕೊಂಡು ಹರಟಿದ್ದ. ಮೂರು ದಿನ ಬಿಟ್ಟು ಮತ್ತೆ ಬಂದಾಗ, ಕೈಮೇಲಿನ ಗಾಯದ ಗುರುತು ನೋಡಿ ಮಾಣಿ ಪೊಲೀಸರಿಗೆ ಸುದ್ದಿ ಮುಟ್ಟಿಸಿದ. ರವಾಶೋಲ್ ಎಂದು ಸಿಕ್ಕವನೇ ಹಳೆಯ ಕೇಸುಗಳಲ್ಲಿದ್ದ ಕ್ಯೋನಿಗ್‌ಸ್ಟೈನ್‌ (ಅದು ಅವನ ಹುಟ್ಟುಹೆಸರು) ಎಂದು ಖಚಿತಪಡಿಸಿದ್ದು ಬರ್ಟಿಲಾನನ ಅಳತೆ. ಜುಲೈ 11ಕ್ಕೆ ಅವನ ತಲೆ ಉರುಳಿತು.

ಆಮೇಲೆ ಅನುಮಾನ ಬಂದವರೆಲ್ಲ ಆ ಕ್ಯಾಮೆರಾದ ಮುಂದೆ ಕೂರಬೇಕಾಯಿತು. ಯುದ್ಧ ಇಲಾಖೆಯ ಗುಮಾಸ್ತ, ಕಲಾ ವಿಮರ್ಶಕ ಫೆಲಿಕ್ಸ್ ಫೆನಿಯೋನ್‌ನನ್ನೂ 1894ರಲ್ಲಿ ಕೂರಿಸಿದರು. ಕೋರ್ಟು ಬಿಡುಗಡೆ ಮಾಡಿತು. ಫೋಟೊ ಮಾತ್ರ ಅರಾಜಕತಾವಾದಿಗಳ ಸಾಲಿನಲ್ಲೇ ಉಳಿಯಿತು.

ಕೂರಲು ಒಪ್ಪದವರೂ ಇದ್ದರು. ಬ್ರಿಟನ್ನಿನಲ್ಲಿ ಮತದಾನದ ಹಕ್ಕಿಗೆ ಹೋರಾಡಿ ಜೈಲು ಸೇರಿದ ಹೆಂಗಸರು ಮುಖ ತಿರುಗಿಸುತ್ತಿದ್ದರು, ಕಣ್ಣು ಮುಚ್ಚುತ್ತಿದ್ದರು. 1913ರಲ್ಲಿ ಲಂಡನ್ನಿನ ಹಾಲೋವೇ ಜೈಲಿನಲ್ಲಿ ಅವರು ಅಂಗಳದಲ್ಲಿ ಅಡ್ಡಾಡುವಾಗ ದೂರದ ಲೆನ್ಸಿನಿಂದ ಕದ್ದು ಫೋಟೊ ತೆಗೆಸಲಾಯಿತು. ಮ್ಯಾಂಚೆಸ್ಟರಿನ ಕಲಾ ಗ್ಯಾಲರಿಯಲ್ಲಿ ಚಿತ್ರಗಳ ಗಾಜು ಒಡೆದ ಎವೆಲಿನ್ ಮನೆಸ್ಟಾ ಬಗ್ಗದಿದ್ದಾಗ, ಹಿಂದಿನಿಂದ ಒಂದು ತೋಳು ಅವಳ ಕೊರಳನ್ನು ಬಳಸಿ ಹಿಡಿದಿತ್ತು. ಪೊಲೀಸರು ಹಂಚಿದ ಪ್ರತಿಯಲ್ಲಿ ಆ ತೋಳಿಲ್ಲ. ಅದನ್ನು ಅಳಿಸಿ, ಕೊರಳಿಗೆ ಸ್ಕಾರ್ಫ್ ಸುತ್ತಿದಂತೆ ತಿದ್ದಿದ್ದರು.