ಶಿಲೀಂಧ್ರಕ್ಕೆ ಮದ್ದು, ಪೊಟ್ಯಾಸಿಯಂಗೆ ಕುತ್ತು

2021ರ ಮೇ-ಜೂನ್‌ನಲ್ಲಿ ಕಪ್ಪು ಶಿಲೀಂಧ್ರದ ಸುದ್ದಿಯೆಂದರೆ ಆಂಫೋಟೆರಿಸಿನ್ ಬಿ ಚುಚ್ಚುಮದ್ದಿನ ಕೊರತೆಯ ಸುದ್ದಿ. ಜೂನ್ 12ರಂದು ಜಿಎಸ್‌ಟಿ ಮಂಡಳಿ ಅದರ ಮೇಲಿನ ತೆರಿಗೆಯನ್ನೇ ತೆಗೆಯಿತು. ಆದರೆ ಮದ್ದು ಸಿಕ್ಕಿ ಡ್ರಿಪ್ ಏರಿದ ಮೇಲೆ ರೋಗಿಯ ರಕ್ತದಲ್ಲಿ ಪೊಟ್ಯಾಸಿಯಂ ಕುಸಿಯುವ ಸಮಸ್ಯೆ ಹೊರಗೆ ಅಷ್ಟಾಗಿ ಚರ್ಚೆಯಾಗಲಿಲ್ಲ.

ವೈದ್ಯರಿಗೆ ಇದು ಹಳೆಯ ಸಮಸ್ಯೆ. ವೆನೆಜುವೆಲಾದ ಒರಿನೋಕೊ ನದಿ ಪ್ರದೇಶದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ಅಮೆರಿಕದ ಸ್ಕ್ವಿಬ್ ಸಂಸ್ಥೆಯ ವಿಜ್ಞಾನಿಗಳು 1950ರ ದಶಕದಲ್ಲಿ ಈ ಔಷಧವನ್ನು ಬೇರ್ಪಡಿಸಿದರು. ನೀರಿನಲ್ಲಿ ಕರಗದ ಅದನ್ನು ಡಿಆಕ್ಸಿಕೋಲೇಟ್ ಎಂಬ ಪಿತ್ತಲವಣದ ಜೊತೆ ಬೆರೆಸಿ ರಕ್ತನಾಳಕ್ಕೆ ಕೊಡತೊಡಗಿದರು. ಅಲ್ಲಿಯವರೆಗೆ ಸಾವೇ ಗತಿ ಎನಿಸಿದ್ದ ಶಿಲೀಂಧ್ರ ಸೋಂಕುಗಳಿಂದ ಜನ ಬದುಕಿದರು. ಜೊತೆಗೇ ಕಿಡ್ನಿ ಸೋಲುವುದು, ಪೊಟ್ಯಾಸಿಯಂ ಇಳಿಯುವುದು ಕಾಣಿಸಿಕೊಂಡವು.

ಕೊಲ್ಲುವ ಗುಣ, ಕಾಡುವ ಗುಣ ಎರಡೂ ಒಂದೇ ಬೇರಿನವು. ಶಿಲೀಂಧ್ರದ ಜೀವಕೋಶದ ಪೊರೆಯಲ್ಲಿ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ಇರುತ್ತದೆ. ಔಷಧ ಅದಕ್ಕೆ ಅಂಟಿಕೊಂಡು ಪೊರೆಯನ್ನು ಸೋರುವಂತೆ ಮಾಡುತ್ತದೆ. ನಮ್ಮ ಪೊರೆಯ ಕೊಲೆಸ್ಟ್ರಾಲ್ ಅದನ್ನೇ ಹೋಲುವುದರಿಂದ ಕಿಡ್ನಿಯ ಸೂಕ್ಷ್ಮ ನಾಳಗಳಿಗೂ ಪೆಟ್ಟು ಬೀಳುತ್ತದೆ. ಪೊಟ್ಯಾಸಿಯಂ, ಮೆಗ್ನೀಸಿಯಂ ಎರಡೂ ಮೂತ್ರದಲ್ಲಿ ಹೊರಟುಹೋಗುತ್ತವೆ. ಕಿಡ್ನಿ ಉಳಿಸಲು ಮೊದಲೇ ಸಲೈನ್ ಏರಿಸುತ್ತಾರೆ. ಅದು ಬೇಕೇ ಬೇಕು, ಆದರೆ ಅದರಿಂದಲೂ ಪೊಟ್ಯಾಸಿಯಂ ನಷ್ಟ ಹೆಚ್ಚುತ್ತದೆ.

ಕೋವಿಡ್ ಕಾಲದಲ್ಲಿ ಇದಕ್ಕೆ ಇನ್ನೆರಡು ಕಾರಣ ಸೇರಿಕೊಂಡವು. ಕಪ್ಪು ಶಿಲೀಂಧ್ರ ತಗುಲಿದವರಲ್ಲಿ ಬಹುಪಾಲು ಮಂದಿ ಸಕ್ಕರೆ ಕಾಯಿಲೆಯವರು, ಸ್ಟೀರಾಯ್ಡ್ ಪಡೆದವರು. ಸ್ಟೀರಾಯ್ಡ್ ಪೊಟ್ಯಾಸಿಯಂ ಅನ್ನು ಮೂತ್ರಕ್ಕೆ ತಳ್ಳುತ್ತದೆ, ಇನ್ಸುಲಿನ್ ಜೀವಕೋಶದೊಳಕ್ಕೆ ಸೆಳೆಯುತ್ತದೆ. ರಕ್ತದಲ್ಲಿ ಲೀಟರಿಗೆ 3.5ರಿಂದ 5 ಮಿಲಿಮೋಲ್ ಇರಬೇಕಾದದ್ದು ತೀರಾ ಇಳಿದರೆ ಕೈಕಾಲು ಸೋಲುತ್ತವೆ, ಕರುಳು ಜಡವಾಗುತ್ತದೆ, ಹೃದಯದ ಲಯ ತಪ್ಪುತ್ತದೆ. ಸುಸ್ತನ್ನು ಸೋಂಕಿನದ್ದೇ ಎಂದು ಮನೆಯವರು ಸುಮ್ಮನಿದ್ದುಬಿಡುವ ಅಪಾಯ ಇರುವುದು ಇಲ್ಲೇ. ಎಳನೀರು, ಬಾಳೆಹಣ್ಣಿನಿಂದ ತುಂಬಿಬರುವ ಕೊರತೆ ಇದಲ್ಲ. ರಕ್ತನಾಳದ ಮೂಲಕ ಪೊಟ್ಯಾಸಿಯಂ ಕೊಡುವುದಾದರೆ ನಿಧಾನವಾಗಿ, ನಿಗಾದಲ್ಲೇ ಕೊಡಬೇಕು. ವೇಗ ಹೆಚ್ಚಾದರೆ ಹೃದಯವೇ ನಿಲ್ಲಬಹುದು. ಮೆಗ್ನೀಸಿಯಂ ಸರಿಪಡಿಸದೆ ಎಷ್ಟು ಪೊಟ್ಯಾಸಿಯಂ ಕೊಟ್ಟರೂ ಅದು ನಿಲ್ಲುವುದಿಲ್ಲ.

1990ರ ದಶಕದಲ್ಲಿ ಬಂದ ಲೈಪೊಸೋಮಲ್ ರೂಪದಲ್ಲಿ ಔಷಧವನ್ನು ಕೊಬ್ಬಿನ ಸೂಕ್ಷ್ಮ ಗುಳ್ಳೆಗಳಲ್ಲಿ ಹುದುಗಿಸಿರುತ್ತಾರೆ. ಕಿಡ್ನಿಗೆ ಹಾನಿ ಕಡಿಮೆಯಾಯಿತು, ಬೆಲೆ ಏರಿತು. 2021ರಲ್ಲಿ ಅಭಾವ ಬಂದದ್ದು ಮುಖ್ಯವಾಗಿ ಇದಕ್ಕೇ. ಹಾಗಾಗಿ ಹಲವೆಡೆ ಹಳೆಯ ರೂಪಕ್ಕೇ ಮರಳಬೇಕಾಯಿತು. ಲೈಪೊಸೋಮಲ್ ಪಡೆದವರಲ್ಲೂ ಪೊಟ್ಯಾಸಿಯಂ ಇಳಿಯುವುದುಂಟು. 'ಒಳ್ಳೆ ಇಂಜೆಕ್ಷನ್' ಸಿಕ್ಕಿತೆಂದು ರಕ್ತಪರೀಕ್ಷೆ ಬಿಡುವಂತಿಲ್ಲ.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಕೊಡುವ ಪೊಸಕೊನಜೋಲ್ ಎಂಬ ಶಿಲೀಂಧ್ರನಾಶಕ ಮಾತ್ರೆಯೂ ಕೆಲವರಲ್ಲಿ ಬೇರೊಂದು ದಾರಿಯಿಂದ ಇದನ್ನೇ ಮಾಡುತ್ತದೆ. ಅದು ಅಡ್ರಿನಲ್ ಗ್ರಂಥಿಯ ಹಾರ್ಮೋನುಗಳ ಸಮತೋಲ ಕೆಡಿಸಿದಾಗ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಮಾತ್ರೆ ನುಂಗುವಷ್ಟು ಕಾಲವೂ ವೈದ್ಯರು ಹೇಳಿದ ಅಂತರದಲ್ಲಿ ಈ ಎರಡನ್ನೂ ನೋಡಿಸಿಕೊಳ್ಳುತ್ತಿರಬೇಕು.