ಕಲ್ಲಿನ ಹಸಿರನ್ನು ತಿಕ್ಕಬೇಡಿ

ಹೋದ ತಿಂಗಳು ಮುಂಬೈನ ಮಾಟುಂಗದ ಒಂದು ಮನೆಯಿಂದ ಫೋನ್ ಬಂತು. 'ಮೀನು ಏನೂ ತಿನ್ನುವುದಿಲ್ಲ ಮಾರಾಯ್ರೆ, ಒಮ್ಮೆ ಬಂದು ನೋಡ್ತೀರಾ?'

ಸಮುದ್ರದ ಉಪ್ಪುನೀರಿನ ಟ್ಯಾಂಕ್. ಶುರು ಮಾಡಿ ಮೂರೇ ವಾರ. ಒಳಗಿನ ಕಲ್ಲುಗಳು ಬೆಳ್ಳಗೆ ಹೊಳೆಯುತ್ತಿದ್ದವು. ಮೂಲೆಯಲ್ಲಿ ಒಂದು ಕೋರಲ್ ಬ್ಯೂಟಿ, ಏಂಜೆಲ್ ಮೀನುಗಳಲ್ಲಿ ಕುಳ್ಳ ಜಾತಿಯದು. ಮೈಯಂಚೆಲ್ಲ ಕಡುನೀಲಿ, ಪಕ್ಕೆ ಕಿತ್ತಳೆ, ಅದರ ಮೇಲೆ ಕೂದಲೆಳೆಯಂಥ ಗೆರೆಗಳು. ಬಣ್ಣ ಚೆನ್ನಾಗಿಯೇ ಇತ್ತು. ಹೊಟ್ಟೆ ಮಾತ್ರ ಒಳಕ್ಕೆ ಸೇರಿತ್ತು.

'ಕಲ್ಲು ಇಷ್ಟು ಚೊಕ್ಕ ಹೇಗೆ?' ಎಂದು ಕೇಳಿದೆ. 'ಪಾಚಿ ಗಲೀಜು ಕಾಣ್ತದೆ ಅಂತ ದಿನಾ ಹಳೆ ಬ್ರಶ್ಶಿನಲ್ಲಿ ತಿಕ್ತೇನೆ' ಅಂದರು ಮನೆಯ ಅಮ್ಮ. ಆ ಪಾಚಿಯೇ ಮೀನಿನ ಊಟ!

ಪೂರ್ವ ಆಫ್ರಿಕಾದಿಂದ ತಾಹಿಟಿ ಕಡೆವರೆಗೆ ಹವಳದ ದಿಬ್ಬಗಳಲ್ಲಿ ಬದುಕುವ ಮೀನಿದು. ಬೆಳೆದರೂ 10 ಸೆಂ.ಮೀ. ಆಸುಪಾಸು. ಹಗಲಿಡೀ ಕಲ್ಲು ಸುತ್ತುತ್ತಾ ಪಾಚಿ, ಸಣ್ಣ ಹುಳಗಳನ್ನು ಕುಕ್ಕಿ ತಿನ್ನುತ್ತದೆ. ನಾವು ಎರಡು ಹೊತ್ತು ಹಾಕುವ ಚಿಟಿಕೆ ಕಾಳು ಅದಕ್ಕೆ ಸಾಲದು. ಅದಕ್ಕೇ ನಾನು ಟ್ಯಾಂಕ್ ನಾಲ್ಕೈದು ತಿಂಗಳು ಓಡಿ, ಕಲ್ಲಿಗೆ ಹಸಿರು ಹಿಡಿದ ಮೇಲೆಯೇ ಇದನ್ನು ತನ್ನಿ ಅನ್ನುತ್ತೇನೆ. 200 ಲೀಟರಿಗಿಂತ ಚಿಕ್ಕ ಟ್ಯಾಂಕ್ ಬೇಡ. ನೀರು 24ರಿಂದ 26 ಡಿಗ್ರಿ ಇರಬೇಕು. ಮುಂಬೈ ಸೆಕೆಗೆ ಚಿಲ್ಲರ್, ಅಂದರೆ ನೀರು ತಂಪು ಮಾಡುವ ಯಂತ್ರ, ಬೇಕೇ ಬೇಕು. ಒಂದು ಟ್ಯಾಂಕಿಗೆ ಒಂದೇ ಸಾಕು, ಇಲ್ಲದಿದ್ದರೆ ಜಾಗಕ್ಕಾಗಿ ಕಚ್ಚಾಡುತ್ತವೆ. ಮೀನಿನ ಮೈಮೇಲೆ ರೋಗದ ಬಿಳಿ ಚುಕ್ಕೆ ಕಂಡ ತಕ್ಷಣ ತಾಮ್ರದ ಔಷಧಿ ಸುರಿಯಬೇಡಿ. ಈ ಕುಳ್ಳ ಏಂಜೆಲ್‌ಗಳಿಗೆ ಅದು ಬೇಗ ವಿಷವಾಗುತ್ತದೆ.

ಇನ್ನೊಂದು ಮಾತು. ಯಾರಾದರೂ ನಿಜವಾದ ಹವಳದ ತುಂಡು ಕೊಡುತ್ತೇನೆ ಅಂದರೆ ದಯವಿಟ್ಟು ತಗೋಬೇಡಿ. ದಿಬ್ಬ ಕಟ್ಟುವ ಗಟ್ಟಿ ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಶೆಡ್ಯೂಲಿನ ರಕ್ಷಣೆ ಇದೆ. ಹುಲಿಗಿರುವಂಥದೇ ರಕ್ಷಣೆ. ಸೆರಾಮಿಕ್ ಕಲ್ಲು ಹಾಕಿ. ಅದಕ್ಕೂ ಹಸಿರು ಹಿಡಿಯುತ್ತದೆ.

ಆ ಮೀನನ್ನು ನನ್ನ ಹಳೆ ಟ್ಯಾಂಕಿಗೆ ತಂದೆ. ಬಲೆ ಹಾಕಲಿಲ್ಲ. ಏಂಜೆಲ್ ಮೀನುಗಳ ಕೆನ್ನೆಯ ಕೆಳಗೆ ಒಂದು ಮುಳ್ಳಿದೆ, ಬಲೆಗೆ ಸಿಕ್ಕಿಕೊಂಡರೆ ಬಿಡಿಸುವಾಗ ಗಾಯವಾಗುತ್ತದೆ. ಪ್ಲಾಸ್ಟಿಕ್ ಡಬ್ಬ ಅಡ್ಡ ಹಿಡಿದು, ಮೆಲ್ಲಗೆ ಅದರೊಳಕ್ಕೆ ಓಡಿಸಿದೆ. ಉಪ್ಪು, ಮಸಾಲೆ ಇಲ್ಲದ ನೋರಿ, ಅಂದರೆ ಒಣಗಿಸಿದ ಕಡಲಪಾಚಿಯ ಹಾಳೆಯ ತುಂಡನ್ನು ಕಲ್ಲಿಗೆ ರಬ್ಬರ್ ಬ್ಯಾಂಡ್‌ನಲ್ಲಿ ಕಟ್ಟಿಟ್ಟೆ. ಎರಡು ದಿನ ಮೂಸಿಯೂ ನೋಡಲಿಲ್ಲ. ಮೂರನೇ ಬೆಳಿಗ್ಗೆ ನೋಡಿದರೆ ನೋರಿಯ ಅಂಚಿನಲ್ಲಿ ಪುಟ್ಟ ಪುಟ್ಟ ಅರ್ಧಚಂದ್ರದ ಕಚ್ಚು!

ಈಗ ಹೊಟ್ಟೆ ತುಂಬಿಕೊಂಡಿದೆ. ಮಾಟುಂಗದ ಅಮ್ಮ ಬ್ರಶ್ ಎತ್ತಿಟ್ಟಿದ್ದಾರೆ. ಕಲ್ಲಿಗೆ ಹಸಿರು ಹತ್ತುತ್ತಿರುವ ಫೋಟೋ ವಾರಕ್ಕೊಂದು ಕಳಿಸುತ್ತಾರೆ.